ಬೇಡವೆಂದ ಒಂದು ರನ್ನು

ಗೆಲ್ಲೋಕೆ ಒಂದೇ ಒಂದು ರನ್ ಬೇಕು, ಆ ರನ್ ತಾನಾಗೇ ಕಾಲ ಬುಡಕ್ಕೆ ಬಂದು ನಿಂತಿದೆ, ಅಂಥಾ ಹೊತ್ತಲ್ಲಿ "ಬೇಡ, ವಾಪಸ್ ಹೋಗು" ಅಂದ ಹುಡುಗಿಯನ್ನ ಹಗರೆ ಊರಿನವರು ಏನೇನಂದರು ಅನ್ನೋದನ್ನೆಲ್ಲ ಇಲ್ಲಿ ಹೇಳೋಕಾಗಲ್ಲ. ಎಲ್ಲಕ್ಕಿಂತ ದೊಡ್ಡ ಬೈಗುಳ ಅವಳಪ್ಪನದೇ. ಆಮೇಲೆ ಅದೇ ಜನ ಅವಳನ್ನ ಹೆಗಲ ಮೇಲೆ ಕೂರಿಸಿಕೊಂಡು ಕುಣಿದರು ಬಿಡಿ. ಬೈದದ್ದಕ್ಕೂ ಕುಣಿದದ್ದಕ್ಕೂ ನಡುವೆ ಹತ್ತು ನಿಮಿಷವೂ ಇರಲಿಲ್ಲ.

ಹುಡುಗಿಯ ಹೆಸರು ಬಿಂದುಶ್ರೀ. ಹಗರೆಯ ಧರ್ಮಪ್ಪನ ಮಗಳು, ಬೇಲೂರಿನ ಕಾಲೇಜಿಗೆ ದಿನಾ ಬಸ್ಸಲ್ಲಿ ಹೋಗಿ ಬಂದು ಡಿಗ್ರಿ ಓದೋಳು. ಧರ್ಮಪ್ಪನಿಗೆ ಐದು ಸೀಮೆಹಸು, ರಸ್ತೆ ಪಕ್ಕಕ್ಕೆ ಒಂದು ಪಾಳು ತಾಕು. ಆ ತಾಕಿನಲ್ಲೇ ಹಗರೆಯ ಹೆಣ್ಣುಮಕ್ಕಳ ಕ್ರಿಕೆಟ್ ಟೀಮು ಸಂಜೆ ಹೊತ್ತು ಆಡ್ತಿದ್ದದ್ದು. ಸ್ಕೂಲ್ ಮೈದಾನ ಇತ್ತಲ್ಲ ಅಂತೀರಾ? ಇತ್ತು. ಅಲ್ಲಿ ಗಂಡುಹುಡುಗರು ಬೆಳಗಿಂದ ಬೈಗಿನವರೆಗೂ ಬೇರು ಬಿಟ್ಟುಕೊಂಡಿದ್ದರು. "ನೀವೂ ಆಡ್ತೀರಾ? ಸರಿ, ಬಾಲ್ ಎತ್ಕೊಡಿ" ಅನ್ನೋರು. ಹಂಗಾಗಿ ಧರ್ಮಪ್ಪನ ತಾಕು ಹೋಯಿತೋ, ಹುಡುಗೀರ ಆಟವೂ ಹೋಯಿತು ಅಂತಲೇ ಲೆಕ್ಕ.

ಧರ್ಮಪ್ಪ ಕೆಟ್ಟವನಲ್ಲ. ಆದರೆ ಹಸುಗಳಿಗೆ ಮೇವು ಬೇಕಲ್ಲ. ಎರಡು ವರ್ಷದಿಂದ ಗೊಣಗಿ ಗೊಣಗಿ, ಈ ಸಲ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ.

"ನೋಡವ್ವಾ, ಹಳೇಬೀಡಲ್ಲಿ ಅದೇನೋ ಟೂರ್ನಮೆಂಟ್ ಐತಂತಲ್ಲ. ಫೈನಲ್‌ಗೆ ಹೋಗಿ ತೋರ್ಸಿ, ತಾಕು ನಿಮ್ದೇ, ನಾನು ಮತ್ತೆ ಬಾಯಿ ಬಿಡಲ್ಲ. ಅಲ್ಲಿಗೆ ಹೋಗದೆ ಬಂದ್ರೋ, ಸೋಮವಾರ ಬೆಳಿಗ್ಗೆ ಟ್ರ್ಯಾಕ್ಟರ್ ಬಿಡ್ತೀನಿ. ಮೇವಿನ ಜೋಳ ಹಾಕ್ತೀನಿ. ಆಮೇಲೆ ಅಳಂಗಿಲ್ಲ."

"ಆಯ್ತಪ್ಪ" ಅಂದಳು ಬಿಂದು.

ಬಿಂದು ದೊಡ್ಡ ಆಟಗಾರ್ತಿ ಅಂತ ನಾನು ಸುಳ್ಳು ಹೇಳಲ್ಲ. ಸಾಧಾರಣ ಆಟ. ಸಿಕ್ಸ್ ಹೊಡೆಯೋ ರಟ್ಟೆ ಅವಳಿಗಿಲ್ಲ. ಅವಳಿಗಿದ್ದದ್ದು ಬೇರೆ. ಅವಳ ಅಜ್ಜಿ ಹನುಮಕ್ಕ ಕೊಟ್ಟಿಗೆಯಲ್ಲಿ ಒಂದು ಪದ್ಧತಿ ಇಟ್ಟಿದ್ದಳು: ಒಂದು ಹಸುವಿಗೆ ಒಂದು ಮಗ್ಗಿ. ಹಾಲು ಕರೆಯೋವಾಗ ಅಜ್ಜಿ ಕೆಚ್ಚಲಿಗೆ ಕೈ ಹಾಕೋಳು, ಮೊಮ್ಮಗಳು ಕರುವನ್ನ ಹಿಡಿದುಕೊಂಡು ಮಗ್ಗಿ ಹೇಳಬೇಕು. ಅಜ್ಜಿಯ ಬೆರಳು ಅದಕ್ಕೆ ತಾಳ ಹಾಕೋದು. ಕಪ್ಪಿಗೆ ಏಳರ ಮಗ್ಗಿ, ಗೌರಿಗೆ ಹದಿಮೂರರದು. ಕೆಂದಿ ಅನ್ನೋ ಹಸು ಮಹಾ ಗತ್ತಿನದು, ಹದಿನೇಳರ ಮಗ್ಗಿ ಹೇಳದಿದ್ದರೆ ಹಾಲೇ ಇಳಿಸ್ತಿರಲಿಲ್ಲ. ತಪ್ಪಿದರೆ ಅಜ್ಜಿ ಮೊಣಕೈಲಿ ತಿವಿದು, "ಮತ್ತೆ ಮೊದಲಿಂದ ಹೇಳೇ, ಹಸೂಗೆ ಬೇಜಾರಾಯ್ತದೆ" ಅನ್ನೋಳು. ಹೀಗೆ ಹತ್ತು ವರ್ಷ ಬೆಳಿಗ್ಗೆ ಸಂಜೆ ಮಗ್ಗಿ ಹೇಳಿದವಳ ತಲೆ ಹೆಂಗಿರಬೇಡ! ಬಸ್ಸಿನ ನಂಬರ್ ಕಂಡರೆ ಸಾಕು, ಅವಳ ತಲೆ ಅದನ್ನ ಗುಣಿಸಿ ಭಾಗಿಸಿ ಇಟ್ಟುಬಿಡೋದು.

ಆದರೆ ಎರಡು ವರ್ಷದ ಹಿಂದೆ ಮನೆಗೆ ಹಾಲು ಕರೆಯೋ ಮೆಷಿನ್ ಬಂತು. ಅದು ಗುರ್ ಅನ್ನೋ ಸದ್ದಿಗೆ ಮಗ್ಗಿ ಯಾರಿಗೆ ಕೇಳಬೇಕು? ಅಜ್ಜಿ ಜಗಲಿಗೆ ಬಂದು ಕೂತಳು. ಬಿಂದುವೂ ಎಲ್ಲರ ಹಾಗೆ ಫೋನಲ್ಲೇ ಕೂಡೋದು ಕಳೆಯೋದು ಮಾಡತೊಡಗಿದಳು. ಕೈಯಲ್ಲೇ ಇರುತ್ತಲ್ಲ, ತಲೆಗ್ಯಾಕೆ ಕೆಲಸ ಅಂತ.

ಟೀಮಿನ ಲೆಕ್ಕವನ್ನೆಲ್ಲ ನೋಡ್ತಿದ್ದವನು ಸತೀಶ. ಬಿಂದುವಿನ ದೊಡ್ಡಪ್ಪನ ಮಗ, ಬಿ.ಕಾಂ. ಮಾಡಿ ಬೇಲೂರಿನ ಟ್ರ್ಯಾಕ್ಟರ್ ಶೋರೂಮಲ್ಲಿ ಕೆಲಸಕ್ಕಿದ್ದ. ತಾನೇ ಟೀಮ್ ಮ್ಯಾನೇಜರ್ ಅಂತ ಟೋಪಿ ಬೇರೆ ಹೊಲಿಸಿಕೊಂಡಿದ್ದ. ಮನುಷ್ಯ ಚಿನ್ನ. ಹುಡುಗೀರಿಗೆ ಬ್ಯಾಟು ತಂದುಕೊಟ್ಟವನು, ಟೆಂಪೋ ಗೊತ್ತು ಮಾಡಿದವನು, ಊರಲ್ಲಿ ಯಾರಾದರೂ ನಕ್ಕರೆ ಜಗಳಕ್ಕೆ ನಿಂತವನು ಅವನೇ. ಒಂದೇ ತೊಂದರೆ ಅಂದರೆ ಆ ಫೋನು. ನಾಕು ಮೂರು ಎಷ್ಟು ಅಂದರೂ ಒತ್ತಿ ನೋಡೇ ಹೇಳೋನು. ಬಿಂದು ಬಾಯಲ್ಲೇ ಹೇಳಿಬಿಟ್ಟರೆ, "ಏ ಮಗ್ಗಿ ಬಿಂದು, ಸುಮ್ನಿರು, ಅಜ್ಜಿ ಕಾಲ ಮುಗೀತು" ಅಂತ ರೇಗಿಸೋನು. "ಲೆಕ್ಕ ನನ್ ತಲೆನೋವು, ಆಟ ನಿಮ್ದು" ಅಂತ ಅವನು ಮೊದಲ ದಿನವೇ ಹೇಳಿಬಿಟ್ಟಿದ್ದ. ಬಿಂದುವೂ ಒಪ್ಪಿಕೊಂಡಿದ್ದಳು.

ಹಳೇಬೀಡಿನ ಮೈದಾನಕ್ಕೆ ನಾಲ್ಕು ಟೀಮು ಬಂದಿದ್ದವು: ಹಗರೆ, ಬೇಲೂರು, ಅರೇಹಳ್ಳಿ, ಹಳೇಬೀಡು. ಒಬ್ಬೊಬ್ಬರಿಗೂ ಮೂರು ಪಂದ್ಯ, ಪಂದ್ಯಕ್ಕೆ ಎಂಟು ಓವರು. ಮೇಲಿನ ಎರಡು ಟೀಮು ಮುಂದಿನ ಭಾನುವಾರ ಅರಸೀಕೆರೆಯಲ್ಲಿ ಫೈನಲ್ ಆಡಬೇಕು. ಗೆಲುವು ಸಮ ಆದರೆ, ಹೊಡೆದ ರನ್ನನ್ನೆಲ್ಲ ಕೂಡಿ ಆಡಿದ ಓವರಿಂದ ಭಾಗಿಸೋದು. ಯಾರ ಸರಾಸರಿ ಮೇಲೋ ಅವರು ಫೈನಲ್‌ಗೆ. ಅದೂ ಸಮವಾಯಿತೋ, ಎದುರಾಬದುರು ಆಡಿದಾಗ ಗೆದ್ದವರು. ನಿಯಮ ಇಷ್ಟೇ.

ಮೊದಲ ಪಂದ್ಯದಲ್ಲಿ ಹಗರೆಯವರು ಅರೇಹಳ್ಳಿಯ ಕೈಲಿ ಸೋತರು. ಏಳು ಓವರ್ ಐದು ಬಾಲಿಗೆ ಐವತ್ತನಾಲ್ಕು ಹೊಡೆದು ಎಲ್ಲರೂ ಔಟ್. ಎರಡನೇದರಲ್ಲಿ ಹಳೇಬೀಡಿನವರನ್ನ ಸೋಲಿಸಿದರು, ಆರು ಓವರ್ ನಾಲ್ಕು ಬಾಲಿಗೆ ನಲವತ್ತೆಂಟು. ಭಾನುವಾರ ಮಧ್ಯಾಹ್ನ ಕೊನೇ ಪಂದ್ಯ ಬೇಲೂರಿನ ಮೇಲೆ. ಬೇಲೂರಿನವರ ಸರಾಸರಿ ಎಷ್ಟು ಮೇಲಿತ್ತು ಅಂದರೆ, ಸೋತರೂ ಅವರಿಗೆ ಫೈನಲ್ ಖಾಯಂ. ಉಳಿದ ಒಂದು ಜಾಗಕ್ಕೆ ಅರೇಹಳ್ಳಿ ಮತ್ತು ಹಗರೆ. ಅರೇಹಳ್ಳಿಯವರು ಆಟ ಮುಗಿಸಿ, ಎರಡು ಗೆದ್ದು, ಓವರಿಗೆ ಸರಿಯಾಗಿ ಏಳು ರನ್ನಿನ ಸರಾಸರಿ ಇಟ್ಟು, ಮರದ ನೆರಳಲ್ಲಿ ಕಡ್ಲೆಕಾಯಿ ತಿಂತಾ ಕೂತಿದ್ದರು.

ಧರ್ಮಪ್ಪನೂ ಬಂದಿದ್ದ. ಬರೋವಾಗ ದಾರೀಲಿ ಇಳಿದು ಮೇವಿನ ಜೋಳದ ಬೀಜದ ಚೀಲ ಕೊಂಡುಕೊಂಡೇ ಬಂದಿದ್ದ. ಅದನ್ನ ಬೌಂಡರಿ ಗೆರೆಯ ಪಕ್ಕ ಇಟ್ಟು ಅದರ ಮೇಲೇ ಕೂತ. ಮಗಳಿಗೆ ಅದು ಕಾಣಿಸಿತು.

"ಏನಪ್ಪ, ಈಗ್ಲೇ ತಂದ್ಬಿಟ್ಟಿದೀಯ?"

"ದಾರೀಲಿ ಅಂಗಡಿ ಇತ್ತು ಕಣವ್ವ, ತಂದೆ. ಬೀಜ ಏನು ಕೊಳೆಯುತ್ತಾ?"

ಬಿಂದುವಿಗೆ ಮೈ ಉರಿದುಹೋಯಿತು.

ಬೇಲೂರಿನವರು ಎಂಟು ಓವರಿಗೆ ಹೊಡೆದದ್ದು ನಲವತ್ತನಾಲ್ಕು. ಹಗರೆ ಗೆಲ್ಲೋಕೆ ನಲವತ್ತೈದು. ಸತೀಶ ಫೋನ್ ತೆಗೆದು ಟಕಟಕ ಒತ್ತಿದ, ಆಮೇಲೆ ಎರಡೂ ಕೈ ಮೇಲೆತ್ತಿ ಕೂಗಿದ. "ಏಳು ಓವರ್! ಅಷ್ಟ್ರೊಳಗೆ ಗೆದ್ರೆ ಅರೇಹಳ್ಳಿಗಿಂತ ನಾವೇ ಮೇಲೆ! ನಲವತ್ತೆರಡು ಬಾಲಿಗೆ ನಲವತ್ತೈದು ರನ್ ಕಣ್ರೇ, ನಿಧಾನಕ್ಕೆ ಆಡಿ, ವಿಕೆಟ್ ಕಳ್ಕೋಬೇಡಿ!"

ಕ್ಯಾಪ್ಟನ್ ಹೇಮಲತಾ, ಎಲ್ಲರ ಬಾಯಲ್ಲಿ ಹೇಮಕ್ಕ, ಊರಿನ ಅಂಗನವಾಡಿ ಟೀಚರು. ಮೂವತ್ತು ಮಕ್ಕಳನ್ನ ಒಂದೇ ದನಿಗೆ ಕೂರಿಸೋಳು. ಸತೀಶನ ಮಾತು ಕೇಳಿ ಅವಳಿಗೆ ನಿರಾಳವಾಯಿತು. ಒಂದೊಂದೇ ರನ್ ಕದ್ದು ಆಡುತ್ತಾ ಹೋದಳು. ಮೂರು ವಿಕೆಟ್ ಬಿದ್ದು ಬಿಂದು ಒಳಗೆ ಬಂದಳು. ನಾಲ್ಕು ಓವರ್ ಮುಗಿದಾಗ ಇಪ್ಪತ್ತನಾಲ್ಕು ರನ್ ಆಗಿತ್ತು, ನೀರು ಕುಡಿಯೋಕೆ ಬಿಟ್ಟರು.

ಸತೀಶ ಬಾಟಲಿ ಹಿಡಿದು ಓಡಿಬಂದ. ಇನ್ನೊಂದು ಕೈಯಲ್ಲಿ ಫೋನ್ ಇದ್ದೇ ಇತ್ತು. "ಸೂಪರ್ ಕಣೇ, ಇದೇ ಥರ ಹೋಗಿ. ನೋಡು, ಲೆಕ್ಕ ಇಲ್ಲೇ ಐತೆ."

ಬಿಂದು ನೀರು ಕುಡೀತಾ ಕುಡೀತಾ ಆ ಕಡೆ ಕಣ್ಣು ಹಾಯಿಸಿದಳು. ಹಿಂದಿನ ಎರಡು ಪಂದ್ಯದ ಓವರುಗಳನ್ನ ಅವನು ಕೂಡಿದ್ದ. ಏಳು ಪಾಯಿಂಟ್ ಐದು, ಆರು ಪಾಯಿಂಟ್ ನಾಲ್ಕು. ಒಟ್ಟು ಹದಿಮೂರು ಪಾಯಿಂಟ್ ಒಂಬತ್ತು.

ಬಾಟಲಿಯನ್ನ ಬಾಯಿಂದ ಕೆಳಗಿಳಿಸಿದಳು.

"ಅಣ್ಣಾ, ಈ ಒಂಬತ್ತು ಏನು?"

"ಹದಿಮೂರು ಓವರ್ ಒಂಬತ್ತು ಬಾಲ್."

"ಓವರಿಗೆ ಇರೋದೇ ಆರು ಬಾಲ್ ಅಲ್ವೇನೋ, ಒಂಬತ್ತು ಎಲ್ಲಿಂದ ಬಂತು?"

ಸತೀಶ ಫೋನನ್ನೂ ಅವಳನ್ನೂ ನೋಡಿದ. "ಅದು ಹಂಗೇ ಬರೋದು ಕಣೇ. ಕ್ಯಾಲ್ಕುಲೇಟರ್ ಸುಳ್ಳು ಹೇಳುತ್ತಾ? ಮೂರು ಸಲ ಒತ್ತಿದೀನಿ, ಮೂರು ಸಲವೂ ಅದೇ ಬಂತು. ಹೋಗು ಹೋಗು, ಅಂಪೈರ್ ಕರೀತಾವ್ರೆ."

ಮೂರು ಸಲ ಒತ್ತಿದನಂತೆ! ತಪ್ಪನ್ನ ಮೂರು ಸಲ ಒತ್ತಿದರೆ ಮೂರು ಸಲವೂ ಅದೇ ತಪ್ಪು ತಾನೇ ಬರೋದು? ಆದರೆ ಜಗಳಕ್ಕೆ ಹೊತ್ತಿರಲಿಲ್ಲ. ಕ್ರೀಸಿನ ಕಡೆ ನಡೀತಾ ಬಿಂದು ಅಂಪೈರನ್ನ ನೋಡಿದಳು. ಅರಸೀಕೆರೆಯಿಂದ ಬಂದಿದ್ದ ಪಿ.ಟಿ. ಮೇಷ್ಟ್ರು ಷಡಕ್ಷರಪ್ಪ ಹಳೇ ಕಾಲದವರು. ಕೈಯಲ್ಲಿ ಆರು ಹರಳು ಇಟ್ಟುಕೊಂಡು, ಒಂದು ಬಾಲ್ ಆದ ಹಾಗೆ ಒಂದು ಹರಳನ್ನ ಎಡಗೈಯಿಂದ ಬಲಗೈಗೆ ದಾಟಿಸ್ತಿದ್ದರು. ಆ ಆರು ಹರಳು ಕಂಡದ್ದೇ ತಡ, ಎರಡು ವರ್ಷದಿಂದ ಸುಮ್ಮನೆ ಬಿದ್ದಿದ್ದ ತಲೆ ಎದ್ದು ಕೂತಿತು.

ಓವರ್ ಬೇಡ, ಬಾಲ್ ಹಿಡಿ. ಆರೇಳ್ಲಿ ನಲವತ್ತೆರಡು, ಮೇಲೈದು, ನಲವತ್ತೇಳು. ಆರಾರ್ಲಿ ಮೂವತ್ತಾರು, ಮೇಲೆ ನಾಲ್ಕು, ನಲವತ್ತು. ಎರಡೂ ಸೇರಿ ಎಂಬತ್ತೇಳು ಬಾಲು, ಅಂದರೆ ಹದಿನಾಲ್ಕೂವರೆ ಓವರು ಆಗಿಹೋಗಿದೆ, ಸತೀಶಣ್ಣನ ಫೋನಲ್ಲಿ ಹದಿನಾಲ್ಕೂ ಆಗಿಲ್ಲ. ಇನ್ನು ರನ್ನು. ಐವತ್ತನಾಲ್ಕು, ನಲವತ್ತೆಂಟು, ಈಗಿನ ನಲವತ್ತೈದು, ಎಲ್ಲಾ ಸೇರಿ ನೂರ ನಲವತ್ತೇಳು. ಓವರಿಗೆ ಏಳರಂತೆ ಇಪ್ಪತ್ತೊಂದು ಓವರು, ಅಂದರೆ ನೂರ ಇಪ್ಪತ್ತಾರು ಬಾಲು. ಅದರಲ್ಲಿ ಎಂಬತ್ತೇಳು ಕಳೆದರೆ ಮೂವತ್ತೊಂಬತ್ತು. ಮೂವತ್ತೊಂಬತ್ತನೇ ಬಾಲಿಗೆ ಗೆದ್ದರೆ ಅರೇಹಳ್ಳಿಗೆ ಸಮ. ಸಮವಾದರೆ ಅರೇಹಳ್ಳಿಯೇ, ಯಾಕಂದರೆ ಅವರು ನಮ್ಮನ್ನ ಸೋಲಿಸಿದವರು. ಹಾಗಾಗಿ ಮೂವತ್ತೆಂಟು. ಆರು ಓವರ್ ಎರಡು ಬಾಲು.

ಸತೀಶಣ್ಣ ಇನ್ನೂ ಹದಿನೆಂಟು ಬಾಲ್ ಇದೆ ಅಂತಿದ್ದಾನೆ. ಇರೋದು ಹದಿನಾಲ್ಕು. ಬೇಕಾದ ರನ್ನು ಇಪ್ಪತ್ತೊಂದು.

"ಹೇಮಕ್ಕಾ!" ಅಂತ ಓಡಿಹೋಗಿ ಅವಳ ತೋಳು ಹಿಡಿದಳು. "ಏಳು ಓವರ್ ಇಲ್ಲ ನಮ್ಗೆ. ಆರು ಓವರ್ ಎರಡು ಬಾಲ್ ಅಷ್ಟೇ. ಸತೀಶಣ್ಣ ಬಾಲನ್ನ ಪಾಯಿಂಟ್ ಹಾಕಿ ಕೂಡಿದಾನೆ. ಲೆಕ್ಕ ತಪ್ಪು."

ಹೇಮಕ್ಕ ಅವಳನ್ನ ಅಂಗನವಾಡಿ ಮಗುವನ್ನ ನೋಡೋ ಹಾಗೆ ನೋಡಿದಳು. "ಬಿಸಿಲು ಜಾಸ್ತಿ ಆಯ್ತೇನೇ? ಫೋನಲ್ಲಿ ಮಾಡಿದಾನೆ ಅವ್ನು. ನೀನು ನಿಂತಲ್ಲೇ ಬಾಯಲ್ಲಿ ಮಾಡಿದ್ದು ಸರಿ, ಅವ್ನು ಫೋನಲ್ಲಿ ಮಾಡಿದ್ದು ತಪ್ಪಾ?"

"ಹೂಂ, ಹಂಗೇ."

"ಆಯ್ತು ಮಾರಾಯ್ತಿ, ನೀನು ಹೊಡೀತಿಯಾ, ಹೊಡಿ. ನಾನು ವಿಕೆಟ್ ಕಾಯ್ತೀನಿ. ಇಬ್ರೂ ಔಟಾದ್ರೆ ಹಿಂದೆ ಬರೋರಿಗೆ ಬ್ಯಾಟ್ ಹಿಡಿಯೋಕೂ ಬರಲ್ಲ, ನೆನಪಿರ್ಲಿ."

ಬಿಂದು ಹೊಡೆದಳು. ಅವಳಿಗೆ ಬಂದ ಹಾಗೆ, ಸಂದು ನೋಡಿ ನೋಡಿ ತಳ್ಳಿದಳು. ಐದನೇ ಓವರಲ್ಲಿ ಎಂಟು ಬಂತು. ಆರನೇದರಲ್ಲೂ ಎಂಟು. ಬೌಂಡರಿ ಆಚೆಯಿಂದ ಸತೀಶ ಬಾಯಿ ಬಡ್ಕೊಳ್ತಿದ್ದ: "ನಿಧಾನ ಕಣೇ! ಯಾಕಿಂಗಾಡ್ತೀಯ? ಟೈಮ್ ಐತೆ, ಟೈಮ್ ಐತೆ!" ಅವಳು ಆ ಕಡೆ ತಿರುಗಲೇ ಇಲ್ಲ. ಮೂವತ್ತಾರು ಬಾಲಿಗೆ ನಲವತ್ತು. ಎರಡು ಬಾಲ್, ಐದು ರನ್.

ಏಳನೇ ಓವರಿನ ಮೊದಲ ಬಾಲಿಗೆ ಎರಡು ಓಡಿದರು. ಎರಡನೇದನ್ನ ಬಿಂದು ಬಲವಾಗಿ ಬಲಗಡೆಗೆ ಎಳೆದಳು. ಚೆಂಡು ಗೆರೆಯ ಹತ್ತಿರ ಹೋಗಿ ನಿಂತಿತು, ಅಟ್ಟಿಸಿಕೊಂಡು ಹೋದ ಹುಡುಗಿ ಜಾರಿ ಬಿದ್ದಳು. ಒಂದಾಯ್ತು, ಎರಡಾಯ್ತು, ಸ್ಕೋರು ಸಮವಾಯಿತು.

"ಮೂರು! ಮೂರು! ಬಾ ಹೇಮಕ್ಕಾ!" ಬಿಂದು ಅರ್ಧ ದಾರಿ ಓಡಿಬಂದೇ ಬಿಟ್ಟಿದ್ದಳು.

ಹೇಮಕ್ಕ ಕೈ ಅಡ್ಡ ತೋರಿಸಿ ನಿಂತುಬಿಟ್ಟಳು. ಏದುಸಿರು ಬಿಡ್ತಾ, "ಸಾಕು ಬಿಡೇ, ಸಾಯ್ತೀನಿ ನಾನು. ಒಂದು ತಾನೇ ಬೇಕಾಗಿರೋದು, ಬೇಕಾದಷ್ಟು ಬಾಲ್ ಐತಲ್ಲ" ಅಂದಳು.

ಬಿಂದು ವಾಪಸ್ ಬಂದು ಕ್ರೀಸಲ್ಲಿ ನಿಂತಳು. ಮೂವತ್ತೆಂಟು ಬಾಲ್ ಮುಗಿದಿತ್ತು. ಅಳು ಬಂತು ಅವಳಿಗೆ, ಸುಳ್ಳು ಯಾಕೆ ಹೇಳಲಿ. ಗೆರೆಯ ಆಚೆ ಅಪ್ಪ ಆ ಜೋಳದ ಚೀಲದ ಮೇಲೆ ಕೂತಿದ್ದ, ಮರದ ಕೆಳಗೆ ಅರೇಹಳ್ಳಿಯ ಹುಡುಗೀರು ಎದ್ದು ನಿಂತಿದ್ದರು. ಹಗರೆಯವರು ಆಗಲೇ ಶಿಳ್ಳೆ ಹೊಡೀತಿದ್ದರು, ಇನ್ನೇನು ಗೆದ್ದೇ ಬಿಟ್ವಿ ಅಂತ. ಗೆದ್ದು ಮನೆಗೆ ಹೋಗ್ತೀವಿ ಅನ್ನೋದು ಆ ಮೈದಾನದಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ.

ಅಳೋಕೆ ಹೊತ್ತಿಲ್ಲ. ಏಳೊಂದ್ಲಿ ಏಳು, ಏಳೆರಡ್ಲಿ ಹದಿನಾಲ್ಕು. ಕಪ್ಪಿಗೆ ಹೇಳ್ತಿದ್ದ ಮಗ್ಗಿ ತಾನಾಗೇ ಬಾಯಿಗೆ ಬಂತು, ಎದೆ ಹೊಡ್ಕೊಳ್ಳೋದು ಅದರ ತಾಳಕ್ಕೆ ಇಳಿಯಿತು. ಏಳು ರನ್ನಿಗೆ ಒಂದು ಓವರ್. ಅಂದರೆ ಏಳು ರನ್ ಹೆಚ್ಚಿಗೆ ಹೊಡೆದರೆ ಆರು ಬಾಲ್ ಹೆಚ್ಚಿಗೆ ಸಿಗುತ್ತೆ! ಹಾಗಾದರೆ ಗೆಲ್ಲೋ ಹೊಡೆತ ಒಂದು ರನ್ ಆಗದೆ ಫೋರ್ ಆದರೆ? ಮೂರು ರನ್ ಹೆಚ್ಚು. ಮೂರಾರ್ಲಿ ಹದಿನೆಂಟು, ಅದರಲ್ಲಿ ಏಳು ಎರಡು ಸಲ ಹೋಗುತ್ತೆ, ನಾಲ್ಕು ಉಳಿಯುತ್ತೆ. ಎರಡು ಬಾಲ್ ಮೇಲೆ ಚಿಲ್ಲರೆ. ಮೂವತ್ತೊಂಬತ್ತಕ್ಕೆ ಸಮ ಅಂದರೆ, ನಲವತ್ತೊಂದರವರೆಗೂ ಫೋರಿಗೆ ಅವಕಾಶ ಇದೆ.

ಮೂರು ಬಾಲ್! ಮೂರು ಬಾಲ್ ಇದೆ! ಆದರೆ ಫೋರೇ ಆಗಬೇಕು. ಒಂದು ರನ್ ಓಡಿದರೋ, ಆ ರನ್ ಮುಗಿದ ಗಳಿಗೆಗೆ ಆಟವೂ ಮುಗೀತು, ಫೈನಲ್ಲೂ ಮುಗೀತು.

ಹೇಮಕ್ಕನಿಗೆ ಹೇಳೋಣ ಅಂತ ಬಾಯಿ ತೆರೆಯೋದರೊಳಗೆ ಬೇಲೂರಿನ ಎತ್ತರದ ಹುಡುಗಿ ಓಡಿಬಂದು ಬಾಲ್ ಹಾಕಿಬಿಟ್ಟಳು. ಬಿಂದು ಬೀಸಿದಳು. ಚೆಂಡು ಎಡಗಡೆ ದೂರ ನಿಂತವಳ ಕೈಗೆ ನೇರ ಹೋಯಿತು. ಆರಾಮಾಗಿ ಒಂದು ರನ್. ಹೇಮಕ್ಕ ಓಡಿಬಂದಳು, ಅರ್ಧ ದಾರಿ ದಾಟಿದಳು, ಮುಖದ ತುಂಬ ನಗು.

"ಬೇಡ! ಬೇಡ ಹೇಮಕ್ಕಾ! ವಾಪಸ್ ಹೋಗು!"

ಹೇಮಕ್ಕನ ಕಾಲು ನೆಲಕ್ಕೆ ಕಚ್ಚಿಕೊಂಡಿತು. ಏನು ಅಂತ ಅರ್ಥವಾಗದೆ, ಗಾಬರಿಗೆ ತಿರುಗಿ ಓಡಿ, ಎದೆ ಮೇಲೆ ಬಿದ್ದು ಬ್ಯಾಟ್ ಚಾಚಿದಳು. ಚೆಂಡು ಬಂದು ವಿಕೆಟ್ಟಿಗೆ ಬಡಿಯಿತು. ಷಡಕ್ಷರಪ್ಪ ಮೇಷ್ಟ್ರು ಬಗ್ಗಿ ನೋಡಿ ತಲೆ ಆಡಿಸಿದರು. ಔಟಿಲ್ಲ.

ಆಗ ಎದ್ದ ಗದ್ದಲ ಏನಂತೀರಿ! ಸತೀಶ ಟೋಪಿ ಕಿತ್ತು ನೆಲಕ್ಕೆ ಬಡಿದ. "ಒಂದು ರನ್ ಕಣೇ! ಒಂದೇ ಒಂದು! ತಲೆ ಕೆಟ್ಟೈತಾ?" ಧರ್ಮಪ್ಪ ಚೀಲದಿಂದ ಎದ್ದವನು, ಮಗಳು ಅಂತ ನೋಡದೆ, ಹಸು ಒದ್ದಾಗ ಬಾಯಿಗೆ ಬರೋದನ್ನೆಲ್ಲ ಅಂದ. ಹೇಮಕ್ಕ ಮೊಣಕೈಯ ರಕ್ತ ಒರೆಸಿಕೊಳ್ತಾ ಬಂದಳು, ಅವಳ ಕಣ್ಣಲ್ಲಿ ಬೆಂಕಿ.

"ಏನೇ ನಿನ್ ಕಥೆ?"

"ಅಕ್ಕಾ, ಕೈ ಮುಗೀತೀನಿ, ಈ ಒಂದ್ಸಲ ನನ್ ಮಾತು ಕೇಳು. ಒಂದು ರನ್ ಓಡಿದ್ರೆ ಅರೇಹಳ್ಳಿಗೆ ಸಮ ಆಗ್ತೀವಿ, ಸಮ ಆದ್ರೆ ಅವ್ರೇ ಹೋಗ್ತಾರೆ. ಫೋರ್ ಹೋದ್ರೆ ನಾವು. ಇನ್ನೆರಡು ಬಾಲ್ ಐತೆ. ನಾನು ತಪ್ಪಾಗಿದ್ರೆ ನಾಳೆಯಿಂದ ಬ್ಯಾಟ್ ಮುಟ್ಟಲ್ಲ. ಓಡಬೇಡ ಅಂದ್ರೆ ಓಡಬೇಡ."

ಹೇಮಕ್ಕ ಅವಳ ಮುಖವನ್ನೇ ನೋಡಿದಳು. ಗೆಲುವನ್ನ ಕೈಲಿ ಹಿಡಿದು ಬಿಸಾಕೋ ಅಷ್ಟು ಪೆದ್ದಿಯಲ್ಲ ಈ ಹುಡುಗಿ ಅನ್ನಿಸಿತೋ ಏನೋ. "ಸರಿ" ಅಂದಳು, ಅಷ್ಟೇ.

ಬೇಲೂರಿನ ಕ್ಯಾಪ್ಟನ್ನಿಗೆ ಒಂದು ಯೋಚನೆ ಬಂತು. ಈ ಹುಡುಗಿ ಹೆದರಿದಾಳೆ, ಓಡೋಕೂ ಧೈರ್ಯವಿಲ್ಲ. ಒಂದು ರನ್ ತಡೆದರೆ ಸಾಕು, ಇವರು ಒತ್ತಡಕ್ಕೆ ಬಿದ್ದು ಔಟಾಗ್ತಾರೆ. ದೂರ ನಿಂತವರನ್ನೆಲ್ಲ ಹತ್ತಿರಕ್ಕೆ ಕರೆದಳು. ಬಿಂದುವಿನ ಸುತ್ತ ಹುಡುಗೀರು ಬೇಲಿ ಕಟ್ಟಿ ನಿಂತರು. ಅವರ ಬೆನ್ನ ಹಿಂದೆ ಮೈದಾನವೆಲ್ಲ ಖಾಲಿ.

ನಲವತ್ತನೇ ಬಾಲು ಕಾಲ ಬುಡಕ್ಕೇ ಬಂತು. ಬಿಂದು ತಡೆದದ್ದೇ ಹೆಚ್ಚು. ಷಡಕ್ಷರಪ್ಪನವರ ಕೈಯಲ್ಲಿ ನಾಲ್ಕನೇ ಹರಳು ಈ ಕಡೆ ದಾಟಿತು. ಮೈದಾನದಲ್ಲಿ ಸದ್ದೇ ಇಲ್ಲ, ದೇವಸ್ಥಾನ ನೋಡೋಕೆ ಬಂದ ಟೂರಿಸ್ಟ್ ಬಸ್ಸೊಂದು ರಸ್ತೆಯಲ್ಲಿ ಹಾರನ್ ಹೊಡೆದದ್ದು ಬಿಟ್ಟರೆ.

ನಲವತ್ತೊಂದನೇದು ಸ್ವಲ್ಪ ಗಿಡ್ಡಕ್ಕೆ ಬಿದ್ದು ಎದ್ದಿತು. ಬಿಂದು ಬಲ ಹಾಕಲಿಲ್ಲ, ತಲೆಗಳ ಮೇಲೆ ದಾಟುವಷ್ಟು ಎತ್ತಿಬಿಟ್ಟಳು. ಚೆಂಡು ಬೇಲಿಯ ಆಚೆ ಬಿತ್ತು, ಉರುಳಿತು. ಬೇಲೂರಿನ ಇಬ್ಬರು ತಿರುಗಿ ಓಡಿದರು. ಹೇಮಕ್ಕನ ಕಾಲು ತಾನಾಗೇ ಮುಂದೆ ಬಂತು.

"ಓಡಬೇಡ!"

ಹೇಮಕ್ಕ ನಿಂತಳು. ಇಬ್ಬರೂ ಕಲ್ಲುಕಂಬದ ಹಾಗೆ ನಿಂತುಬಿಟ್ಟರು. ಇಡೀ ಹಗರೆ "ಓಡ್ರೇ! ಓಡ್ರೇ!" ಅಂತ ಕಿರುಚುತ್ತಿತ್ತು. ಚೆಂಡು ಗರಿಕೆಗೆ ಸಿಕ್ಕಿ ನಿಧಾನವಾಯಿತು. ಹೋಗು, ಹೋಗು, ಹೋಗೇ ನಮ್ಮವ್ವ, ಅಂತ ಬಿಂದು ಹಲ್ಲು ಕಚ್ಚಿ ಗೊಣಗಿದಳು. ಓಡಿದವಳೊಬ್ಬಳು ಕೈ ಚಾಚಿ ಹಾರಿದಳು, ಬೆರಳಿಗೂ ಚೆಂಡಿಗೂ ಗೇಣು ದೂರ. ಚೆಂಡು ಸುಣ್ಣದ ಗೆರೆ ದಾಟಿ, ಧರ್ಮಪ್ಪನ ಜೋಳದ ಚೀಲಕ್ಕೆ ಹೋಗಿ ತಾಗಿ ನಿಂತಿತು.

ಫೋರ್!

ಗೆದ್ದದ್ದಕ್ಕೆ ಕೂಗಾಡಿದರು, ಆದರೆ ಬಿಂದುವನ್ನ ಯಾರೂ ಮುಟ್ಟಲಿಲ್ಲ. ಸತೀಶ ಬಂದವನೇ ರೇಗಿದ. "ಹೆಂಗೋ ಗೆದ್ವಿ, ಪುಣ್ಯ. ಆ ಸಿಂಗಲ್ ಯಾಕೆ ಬಿಟ್ಟೆ ಹೇಳು. ನನ್ ಎದೆ ನಿಂತೇ ಹೋಗಿತ್ತು. ಈಗ ನೋಡು, ನಮ್ ಸರಾಸರಿ ಏಳು ಪಾಯಿಂಟ್ ಮೂವತ್ತೈದು, ಅರೇಹಳ್ಳಿಗಿಂತ ಎಷ್ಟೋ ಮೇಲೆ. ಏನ್ ಅವಸರ ಇತ್ತು ನಿಂಗೆ?"

ಬಿಂದು ಸ್ಕೋರರ್ ಟೇಬಲ್ ಕಡೆ ನೋಡ್ತಾ ನಿಂತಳು. ಅಲ್ಲಿ ಷಡಕ್ಷರಪ್ಪ ಮೇಷ್ಟ್ರು ಸ್ಕೋರರ್ ಜೊತೆ ಬಾಲು ಬಾಲು ಎಣಿಸುತ್ತಿದ್ದರು. ಅರೇಹಳ್ಳಿಯ ಹುಡುಗೀರೂ ಅಲ್ಲೇ ಮುತ್ತಿಕೊಂಡಿದ್ದರು. ಬಿಂದುವಿಗೆ ಒಂದು ಕ್ಷಣ ಭಯವಾಯಿತು: ಎಲ್ಲಾದರೂ ತಪ್ಪಿದೆನಾ? ಆರೇಳ್ಲಿ ನಲವತ್ತೆರಡೇ ತಾನೇ? ಕೊನೆಗೆ ಮೈಕು ಗೊರಗೊರ ಅಂದಿತು.

"ಅರೇಹಳ್ಳಿ, ಸರಾಸರಿ ಏಳು. ಹಗರೆ, ನೂರ ಐವತ್ತು ರನ್, ನೂರ ಇಪ್ಪತ್ತೆಂಟು ಬಾಲ್. ಸರಾಸರಿ ಏಳು ಪಾಯಿಂಟ್ ಸೊನ್ನೆ ಮೂರು. ಭಾನುವಾರ ಅರಸೀಕೆರೆಗೆ ಬರೋರು ಬೇಲೂರು ಮತ್ತು ಹಗರೆ!" ಆಮೇಲೆ ಮೇಷ್ಟ್ರು ಮೈಕನ್ನ ತಾವೇ ಇಸ್ಕೊಂಡರು. "ಇನ್ನೊಂದು ಮಾತು. ಆ ಒಂದು ರನ್ ಓಡಿದ್ರೆ ಸರಿಯಾಗಿ ಏಳಕ್ಕೆ ಬಂದು ನಿಲ್ತಿತ್ತು, ಹಗರೆ ಮನೆಗೆ ಹೋಗ್ತಿತ್ತು. ಮೂವತ್ತು ವರ್ಷ ಆಟ ಆಡ್ಸಿದೀನಿ, ಕ್ರೀಸಲ್ಲಿ ನಿಂತು ಇಂಥಾ ಲೆಕ್ಕ ಹಾಕಿದೋರನ್ನ ನಾನು ನೋಡಿಲ್ಲ."

ಸತೀಶನ ಬಾಯಿ ತೆರೆದದ್ದು ಹಾಗೇ ಇತ್ತು. ಫೋನ್ ನೋಡಿದ, ಬಿಂದುವನ್ನ ನೋಡಿದ. "ಹಂಗಾದ್ರೆ ನಾನು ಹೇಳಿದಂಗೆ ಏಳು ಓವರ್ ಆಡಿದ್ರೆ..."

"ಗೆದ್ದು ಮನೆಗೆ ಹೋಗ್ತಿದ್ವಿ."

"ಕ್ಯಾಲ್ಕುಲೇಟರ್ ಹೆಂಗೇ ತಪ್ಪು ಹೇಳ್ತು?"

"ಅದೇನೂ ತಪ್ಪು ಹೇಳ್ಲಿಲ್ಲ ಅಣ್ಣ. ನೀನು ಕೇಳಿದ್ದಕ್ಕೆ ಉತ್ತರ ಕೊಡ್ತು. ಓವರಿಗೆ ಆರೇ ಬಾಲ್ ಅಂತ ಅದಕ್ಕೇನು ಗೊತ್ತು? ಅದು ಗೊತ್ತಿರಬೇಕಾದದ್ದು ನಮ್ಗೆ. ನಾನೂ ಬೆಳಿಗ್ಗೆಯೇ ತಲೆ ಹಾಕ್ಬೇಕಿತ್ತು, ನಿನ್ ಮೇಲೆ ಬಿಟ್ಟು ಕೂತೆ."

ಅಷ್ಟರಲ್ಲಿ ಹೇಮಕ್ಕ ಹಿಂದಿನಿಂದ ಬಂದು ಅವಳನ್ನ ಎತ್ತಿಯೇಬಿಟ್ಟಳು. ಆ ಮೊಣಕೈ ಗಾಯದಲ್ಲೇ! ಆಮೇಲೆ ಒಬ್ಬರ ಹೆಗಲಿಂದ ಇನ್ನೊಬ್ಬರ ಹೆಗಲಿಗೆ ಬಿಂದು ದಾಟಿದಳು. ನಗುತ್ತಿದ್ದಳು, ಅಳುತ್ತಿದ್ದಳು, ಕೆಳಗಿಳಿಸ್ರೇ ಅಂತ ಬೈಯುತ್ತಿದ್ದಳು. ಇಷ್ಟು ಸಂತೋಷ ಅವಳಿಗೆ ಹುಟ್ಟಿದಾಗಿಂದ ಆಗಿರಲಿಲ್ಲ.

ಇಳಿದು ಬಂದಾಗ ಧರ್ಮಪ್ಪ ಚೀಲದ ಪಕ್ಕ ಒಂದು ಕೈಯಲ್ಲಿ ಚೆಂಡು ಹಿಡಿದು ನಿಂತಿದ್ದ. ಬೈದದ್ದು ನೆನಪಿತ್ತು, ಮುಖ ಎತ್ತಲಿಲ್ಲ.

"ಅದೇನವ್ವ, ಅಷ್ಟು ಲೆಕ್ಕ ಎಲ್ಲಿತ್ತು ನಿನ್ ತಲೇಲಿ?"

"ಕೊಟ್ಟಿಗೇಲಿ ಕಲ್ತದ್ದು ಕಣಪ್ಪ. ಕಪ್ಪಿ ಮಗ್ಗಿ."

ಧರ್ಮಪ್ಪ ಚೆಂಡನ್ನ ಮಗಳ ಕೈಗಿಟ್ಟ. ಆಮೇಲೆ ನಕ್ಕ, ಹೊಟ್ಟೆ ಕುಲುಕಿಸಿ ನಕ್ಕ.

ಸೋಮವಾರ ಬೆಳಿಗ್ಗೆ ತಾಕಿಗೆ ಟ್ರ್ಯಾಕ್ಟರ್ ಬಂದದ್ದು ನಿಜ. ಮಾತು ತಪ್ಪಿದನಾ ಅಂತ ಬಿಂದು ಎದೆ ಹಿಡ್ಕೊಂಡು ಓಡಿಹೋದಳು. ನೋಡಿದರೆ ಧರ್ಮಪ್ಪ ಆಟದ ಜಾಗ ಮುಟ್ಟಿರಲೇ ಇಲ್ಲ, ಬೌಂಡರಿ ಗೆರೆಯ ಆಚೆ ಸುತ್ತಲೂ ನೇಗಿಲು ಹೊಡೆಸುತ್ತಿದ್ದ. ಸತೀಶ ಸುಣ್ಣದ ಗೆರೆ ಹಾಕ್ತಾ ಇದ್ದ. ಹನುಮಕ್ಕ ಬದುವಿನ ಮೇಲೆ ಕೂತು ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದಳು.

"ಹಸೂಗೂ ಬೇಕಲ್ಲವ್ವ" ಅಂದ ಧರ್ಮಪ್ಪ. "ಗೆರೆ ಆಚೆ ನಂದು, ಈಚೆ ನಿಂದು. ಜೋಳದೊಳಕ್ಕೆ ಬಾಲ್ ಬಿದ್ರೆ ಫೋರ್ ಅಂತ ಇಟ್ಕೊಳ್ಳಿ. ಈ ಚೀಲದ ಬೀಜ ಸುತ್ತ ಎಷ್ಟು ಸಾಲಿಗೆ ಬಂದಾತು?"

ಸತೀಶನ ಕೈ ಅಭ್ಯಾಸಬಲದಿಂದ ಜೇಬಿಗೆ ಹೋಯಿತು. ಫೋನ್ ಅರ್ಧ ಹೊರಗೆ ಬಂತು. ಬದುವಿನ ಮೇಲಿಂದ ಹನುಮಕ್ಕ ಕೆಮ್ಮಿದಳು. ಸತೀಶ ಫೋನನ್ನ ಹಾಗೇ ಒಳಗೆ ತಳ್ಳಿ, ಕೈಯಲ್ಲಿದ್ದ ಸುಣ್ಣದ ಬುಟ್ಟಿ ಕೆಳಗಿಟ್ಟ.

"ತಡಿ ಚಿಕ್ಕಪ್ಪ" ಅಂದ. "ನಾನೇ ಹೇಳ್ತೀನಿ." ಕಣ್ಣು ಮುಚ್ಚಿಕೊಂಡು, ಬೆರಳು ಮಡಿಸುತ್ತಾ, ತಡವರಿಸುತ್ತಾ ಶುರು ಮಾಡಿದ. ಎರಡು ಕಡೆ ತಪ್ಪಿದ. ಎರಡು ಕಡೆಯೂ ಅಜ್ಜಿ ಮೊದಲಿಂದ ಹೇಳಿಸಿದಳು. ಬಿಂದು ಉತ್ತರ ಆಗಲೇ ಮಾಡಿಟ್ಟುಕೊಂಡು, ತುಟಿ ಕಚ್ಚಿಕೊಂಡು ಕಾದಳು.

"ಮೂರು ಸಾಲು!" ಅಂತ ಸತೀಶ ಕಣ್ಣು ಬಿಟ್ಟು ಬಿಂದುವನ್ನ ನೋಡಿದ. "ಸರಿನಾ?"

"ಸರಿ" ಅಂದಳು ಬಿಂದು. "ಬ್ಯಾಟ್ ತಗೊಂಬಾ, ಭಾನುವಾರ ಫೈನಲ್ ಐತೆ."